ಕದ ತೆರೆಯದ ಸುರಂಗ

2020ನೆಯ ಇಸವಿಯ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಹುಬ್ಬಳ್ಳಿಯ ಒಂದು ವ್ಯಾಪಾರಸಂಸ್ಥೆಯ ಕಚೇರಿಗೂ ಬೀಗ ಬಿದ್ದಿತು. ಕಚೇರಿಯನ್ನು ಮುಚ್ಚಬಹುದು, ನೌಕರರ ಸಂಬಳವನ್ನು ಮುಚ್ಚಿಡಲು ಬರುವುದಿಲ್ಲ. ಸಂಬಳದ ಲೆಕ್ಕವೆಲ್ಲ ಇದ್ದುದು ಕಚೇರಿಯೊಳಗಿನ ಸರ್ವರಿನಲ್ಲಿ. ಆ ಲೆಕ್ಕವನ್ನು ಬಲ್ಲ ಹಿರಿಯ ಲೆಕ್ಕಿಗರು ಇದ್ದುದು ಊರಾಚೆಯ ತಮ್ಮ ಮನೆಯಲ್ಲಿ. ಬೀಗ ಬೀಳುವ ಮುನ್ನ ಅವರು ಹತ್ತು ವರ್ಷಗಳಿಂದ ಬಳಸುತ್ತಿದ್ದ ಗಣಕಯಂತ್ರವನ್ನು, ಹಸುಗೂಸನ್ನು ತರುವಂತೆ ಮಡಿಲಲ್ಲಿಟ್ಟುಕೊಂಡು, ಆಟೋರಿಕ್ಷಾದಲ್ಲಿ ಮನೆಗೆ ತಂದಿದ್ದರು. ಈ ಎರಡರ ನಡುವೆ ದಾರಿ ಕಟ್ಟಿಕೊಡುವ ಹೊಣೆ ಸಂಸ್ಥೆಯ ಗಣಕ ವಿಭಾಗದಲ್ಲಿದ್ದ ಏಕೈಕ ತರುಣನ ಹೆಗಲೇರಿತು.

ಇಂಥ ದಾರಿಗೆ ವಿಪಿಎನ್ ಎಂದು ಹೆಸರು. ಬರೆದ ಕಾಗದವನ್ನು ಇನ್ನೊಂದು ಲಕೋಟೆಯೊಳಗಿಟ್ಟು, ಅರಗು ಹಾಕಿ ಕಳಿಸಿದಂತೆ ಅದರ ರೀತಿ. ನಡುವಿನವರಿಗೆ ಹೊರವಿಳಾಸವಷ್ಟೇ ಕಾಣುವುದು. ತರುಣನು ಆರಿಸಿಕೊಂಡದ್ದು ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡ್ ಎಂಬ ಪದ್ಧತಿಯನ್ನು. ಹಿಂದಿನ ಪದ್ಧತಿಗಳು ಲಕ್ಷಾಂತರ ಸಾಲುಗಳಲ್ಲಿ ಹರಡಿಕೊಂಡಿದ್ದರೆ ಇದರ ತಿರುಳು ಸುಮಾರು 4,000 ಸಾಲುಗಳಲ್ಲಿ ಮುಗಿಯುತ್ತದೆ. ಕಾಕತಾಳೀಯವೆಂಬಂತೆ ಅದೇ ವಾರ, ಮಾರ್ಚ್ 29ರಂದು, ಹೊರಬಂದ ಲಿನಕ್ಸ್ 5.6ರೊಳಗೆ ಅದು ಸೇರಿಕೊಂಡಿತು. ಸಿದ್ಧವಾದ ತಂತ್ರಾಂಶವಿದ್ದರೂ ಅದನ್ನು ನಡೆಸಲು ಆಗ ಗಣಕದ ಮೇಲೆ ಪೂರ್ಣಾಧಿಕಾರ ಬೇಕಾಗಿತ್ತು. ಗುಮಾಸ್ತರಿಗೆ ಅದನ್ನು ಕೊಡುವಂತಿರಲಿಲ್ಲ. ಆದಕಾರಣ ತರುಣನು ಒಂದೇ ಗುಂಡಿಯುಳ್ಳ ತನ್ನದೇ ಆದ ತಂತ್ರಾಂಶವನ್ನು ಹತ್ತು ದಿನಗಳಲ್ಲಿ ಬರೆದನು. ಗುಂಡಿ ಒತ್ತಿದರೆ ಹಸಿರು ಚುಕ್ಕೆ; ಅದರ ಕೆಳಗೆ ‘ಸಂಪರ್ಕ ಸಾಧಿಸಿದೆ’ ಎಂಬ ಎರಡು ಮಾತು.

ಮೊದಲ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮರುದಿನ ಬೆಳಿಗ್ಗೆ ಲೆಕ್ಕಿಗರ ಗಣಕದಲ್ಲಿ ಹಸಿರು ಚುಕ್ಕೆಯೇನೋ ಬೆಳಗಿತು, ಲೆಕ್ಕದ ಪುಸ್ತಕ ಮಾತ್ರ ತೆರೆಯಲಿಲ್ಲ. ತರುಣನು ತನ್ನ ಕೋಣೆಯಿಂದಲೇ ಸರ್ವರಿನ ಸುರಂಗವನ್ನು ನಿಲ್ಲಿಸಿ ಮತ್ತೆ ಹೂಡಿದನು, ತಕ್ಷಣ ಸರಿಹೋಯಿತು. ಮೂರನೆಯ ಬೆಳಿಗ್ಗೆ ಮತ್ತೆ ಅದೇ ಕಥೆ. ಉಳಿದ ನೌಕರರಿಗೆ ಯಾರಿಗೂ ಈ ತೊಡಕಿಲ್ಲ. ಒಬ್ಬಿಬ್ಬರಿಗೆ ಮೊಬೈಲಿನ ಸಂಪರ್ಕದಲ್ಲಿ ದೊಡ್ಡ ಕಡತಗಳು ನಡುದಾರಿಯಲ್ಲಿ ನಿಲ್ಲುತ್ತಿದ್ದುವು. ಪೊಟ್ಟಣದ ಅಳತೆಯನ್ನು 1420ರಿಂದ 1280 ಬೈಟುಗಳಿಗೆ ಇಳಿಸಿದ ಮೇಲೆ ಅದೂ ನೀಗಿತು. ಹಿರಿಯರ ಗಣಕವೊಂದೇ ಹಟ ಹಿಡಿದು ಕುಳಿತಿತು.

ವೈರ್‌ಗಾರ್ಡಿನ ಒಂದು ಗುಣವೆಂದರೆ ಮೌನ. ಒಪ್ಪಿಗೆಯಾಗದವನು ಕದ ತಟ್ಟಿದರೆ ಅದು ‘ಯಾರು?’ ಎಂದು ಕೇಳುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂಬಂತೆ ಸುಮ್ಮನಿರುತ್ತದೆ. ಕಳ್ಳನಿಗೆ ಇದು ಒಳ್ಳೆಯ ಉತ್ತರ. ದೋಷ ಹುಡುಕುವವನಿಗೆ ಮಾತ್ರ ಇದಕ್ಕಿಂತ ಕ್ರೂರವಾದ ಉತ್ತರವಿಲ್ಲ. ಏಳು ರಾತ್ರಿ ತರುಣನು ತನ್ನ ಬರೆಹವನ್ನೇ ಬಿಚ್ಚಿ ಹೊಲಿದನು. ಎಂಟನೆಯ ದಿನ ಸಂಬಳದ ಚಿಂತೆಯಲ್ಲಿದ್ದ ಆಡಳಿತದವರು ಕಾರಣ ಕೇಳಿದಾಗ, ದಣಿದ ಕೈ ‘ಬಳಕೆದಾರರಿಗೆ ತಿಳಿವಳಿಕೆ ಸಾಲದು’ ಎಂದು ಬರೆದುಕಳಿಸಿತು. ನಿವೃತ್ತಿಗೆ ಎರಡೇ ವರ್ಷವಿದ್ದ ಹಿರಿಯರಿಂದ ಸಂಬಳದ ಲೆಕ್ಕವನ್ನು ಬಿಡಿಸಿ ಕಿರಿಯರೊಬ್ಬರಿಗೆ ಒಪ್ಪಿಸುವ ಮಾತು ಅಂದೇ ಹುಟ್ಟಿತು.

ಆ ಮಾತು ಕಿವಿಗೆ ಬಿದ್ದ ಸಂಜೆ ಹಿರಿಯರೇ ಫೋನು ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಮೊದಲನೇ ದಿನಾನ ಹೇಳಿದ್ನಲ್ಲೋ ತಮ್ಮಾ, ಇದರಾಗ ತಾರೀಖ 2010ರದ್ದು ತೋರಿಸಾಕತ್ತೈತಿ ಅಂತ. ಮಧ್ಯಾಹ್ನ ತಾನ ಸರಿ ಆಗತೈತಿ, ಮುಂಜಾನೆ ಮತ್ತ ಹಿಂದಕ್ಕ ಹೋಗತೈತಿ.”

ತರುಣನು ಅರೆಗಳಿಗೆ ಸುಮ್ಮನಾದನು. “ಕಾಕಾ, ರಾತ್ರಿ ಗ್ವಾಡಿಮ್ಯಾಲಿನ ಸ್ವಿಚ್ ಬಂದ್ ಮಾಡತೀರೇನು?”

“ಮಾಡತೇನಿ ಮತ್ತ. ಸುಮ್ಮನ ಕರೆಂಟ್ ಯಾಕ ಸುಡಬೇಕು?”

ಗಂಟು ಅಲ್ಲಿತ್ತು. ಗಣಕದೊಳಗೆ ಗಡಿಯಾರವನ್ನು ಕಾಯುವ ನಾಣ್ಯದಾಕಾರದ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು. ಕಚೇರಿಯಲ್ಲಿ ಗೋಡೆಯ ಸ್ವಿಚ್ಚನ್ನು ಯಾರೂ ಆರಿಸುತ್ತಿರಲಿಲ್ಲವಾಗಿ ಆ ಸಾವು ಯಾರಿಗೂ ತಿಳಿದಿರಲಿಲ್ಲ. ಮನೆಯ ಮಿತವ್ಯಯದಲ್ಲಿ ರಾತ್ರಿ ವಿದ್ಯುತ್ತು ನಿಂತೊಡನೆ ಗಡಿಯಾರ 2010ಕ್ಕೆ ಮರಳುತ್ತಿತ್ತು. ವೈರ್‌ಗಾರ್ಡಿನ ಪ್ರತಿಯೊಂದು ಕದ ತಟ್ಟುವಿಕೆಯಲ್ಲೂ ಕಾಲದ ಮುದ್ರೆಯಿರುತ್ತದೆ; ಹಿಂದೆ ಕಂಡ ಮುದ್ರೆಗಿಂತ ಹೊಸದಲ್ಲದ್ದನ್ನು ಸರ್ವರು ಒಪ್ಪುವುದಿಲ್ಲ. ಯಾರೋ ಕದ್ದಿಟ್ಟುಕೊಂಡ ಹಳೆಯ ಮುದ್ರೆಯನ್ನು ಮತ್ತೆ ತೋರಿಸಿ ಒಳನುಗ್ಗಬಾರದೆಂಬ ಎಚ್ಚರಿಕೆ ಅದು. ನಿನ್ನೆ 2020ರ ಮುದ್ರೆ ಕಂಡ ಸರ್ವರಿಗೆ ಇಂದಿನ 2010ರ ಮುದ್ರೆ ಕಳ್ಳನದಾಗಿ ತೋರಿತು. ಸುರಂಗವನ್ನು ಹೊಸದಾಗಿ ಹೂಡಿದರೆ ಹಳೆಯ ನೆನಪು ಅಳಿದು ಪ್ರವೇಶ ದೊರೆಯುತ್ತಿತ್ತು. ಒಳಬಂದ ಗಣಕ ಕಚೇರಿಯಿಂದಲೇ ಸರಿಯಾದ ಕಾಲವನ್ನು ಪಡೆದುಕೊಂಡು, ಆ ಮೂಲಕ ಮರುದಿನದ ತನ್ನ ಕದವನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು!

ಹಸಿರು ಚುಕ್ಕೆಯ ಸುಳ್ಳಿಗೆ ಮಾತ್ರ ಬೇರೆ ಯಾರೂ ಹೊಣೆಯಲ್ಲ. ತನ್ನ ಕಡೆಯ ಕೊಳವೆ ಸಿದ್ಧವಾದೊಡನೆಯೇ ‘ಸಂಪರ್ಕ ಸಾಧಿಸಿದೆ’ ಎಂದು ಹೇಳಿಸಿದವನು ತರುಣನೇ; ಆ ಕಡೆಯಿಂದ ಉತ್ತರ ಬಂದಿತೇ ಎಂದು ಆತ ಕೇಳಿರಲಿಲ್ಲ. ಅಂದು ರಾತ್ರಿಯೇ ಅದನ್ನು ತಿದ್ದಿದನು. ಸರ್ವರಿನ ಉತ್ತರ ಬಂದ ಮೇಲೆಯೇ ಚುಕ್ಕೆ ಹಸಿರಾಗುವಂತೆಯೂ, ಉತ್ತರ ಬಾರದಿದ್ದರೆ ‘ಗಣಕದ ತಾರೀಖು ನೋಡಿರಿ’ ಎಂಬ ಸಾಲು ಮೂಡುವಂತೆಯೂ ಮಾಡಿದನು. ಆ ಬಳಿಕ ಆಡಳಿತದವರಿಗೆ ಎರಡನೆಯ ಪತ್ರ ಬರೆದನು. ತಾಂತ್ರಿಕ ದೋಷವನ್ನು ವಿವರಿಸಲು ಎರಡು ಸಾಲು ಸಾಕಾಯಿತು. ಮೊದಲ ಪತ್ರದ ಮಾತನ್ನು ಹಿಂದಕ್ಕೆ ಪಡೆಯುವ ಸಾಲನ್ನು ಬರೆಯಲು ಬಹಳ ಹೊತ್ತು ಹಿಡಿಯಿತು.

ಏಪ್ರಿಲ್ ತಿಂಗಳ ಸಂಬಳದ ಪಟ್ಟಿಯನ್ನು ಹಿರಿಯರೇ ಸಿದ್ಧಪಡಿಸಿದರು. ಅಂಗಡಿಗಳು ತೆರೆದು ಹೊಸ ಬ್ಯಾಟರಿ ದೊರೆಯುವವರೆಗೂ ಆ ಮನೆಯ ಗೋಡೆಯ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಕೊಂಡಿತ್ತು: ‘ಬಂದ್ ಮಾಡಬ್ಯಾಡ್ರಿ.’