ಕ್ಲಾಮತ್ ಫಾಲ್ಸ್‌ನಿಂದ ದುಂಡಸಿಗೆ

ತಮ್ಮಾ,

ಒರೆಗಾನ್ ರಾಜ್ಯದ ಕ್ರೇಟರ್ ಲೇಕ್ ನೋಡಿಕೊಂಡು ನಿನ್ನೆ ಕೆಳಗಿಳಿದು ಬಂದೆವು. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಎಂಬ ಜ್ವಾಲಾಮುಖಿ ಸಿಡಿದು ಕುಸಿದಾಗ ಆದ ಕುಳಿ ಅದು. ಯಾವ ಹೊಳೆಯೂ ಬಂದು ಸೇರುವುದಿಲ್ಲ, ಬರೀ ಮಳೆ ಮತ್ತು ಹಿಮದ ನೀರು ತುಂಬಿ 592 ಮೀಟರ್ ಆಳ. ನೀರಿನ ನೀಲಿ ಫೋಟೊದಲ್ಲಿ ನೋಡಿಕೋ. ಇನ್ನು ನೀನು ಕೇಳಿದ್ದು ನಮ್ಮ ವ್ಯಾನಿನ ಫ್ರಿಜ್ಜಿನ ಸಂಗತಿ: ಕರೆಂಟಿಲ್ಲದೆ, ಗ್ಯಾಸಿನ ಉರಿಯಿಂದ ಗಾಡಿಯಲ್ಲಿ ಮೊಸರು ತಣ್ಣಗಿರುವುದು ಹೇಗೆ ಎಂದು.

ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, 1922ರಲ್ಲಿ ಕಂಡುಹಿಡಿದ ಉಪಾಯವಿದು. ಮುಚ್ಚಿದ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್. ಕೆಳಗಿನ ಸಣ್ಣ ಉರಿ ಅಮೋನಿಯಾವನ್ನು ನೀರಿನಿಂದ ಬಿಡಿಸಿ ಮೇಲಕ್ಕೆ ಅಟ್ಟುತ್ತದೆ. ಅದು ತಣಿದು ದ್ರವವಾಗಿ, ಹೈಡ್ರೋಜನ್ ಇರುವಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಶಾಖ ಹೀರುತ್ತದೆ; ಆಮೇಲೆ ನೀರು ಅದನ್ನು ಕುಡಿದು ಕೆಳಗೆ ತರುತ್ತದೆ. ಮೋಟರಿಲ್ಲ, ಸದ್ದಿಲ್ಲ. ಗಾಡಿ ಮಾತ್ರ ಮಟ್ಟಸವಾಗಿ ನಿಂತಿರಬೇಕು.

ನಮ್ಮದು 1980ರ ದಶಕದ ವ್ಯಾನು. ಇದರಲ್ಲಿ ಉರಿ ಇರುವುದು ಮುಚ್ಚಿದ ಡಬ್ಬಿಯೊಳಗೆ. ಒಂದು ಕೊಳವೆ ಹೊರಗಿನ ಗಾಳಿ ತರುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಒಯ್ಯುತ್ತದೆ. ನಾವು ಮಲಗುವುದು ಅದರ ಪಕ್ಕದಲ್ಲೇ. ನಡುವೆ ಕಾವಲಿರುವುದು ಕೊಳವೆಯ ಸಂದುಗಳ ಸೀಲುಗಳು ಮಾತ್ರ. ಕಾದು ಕಾದು ಅವು ಹಪ್ಪಳದಂತೆ ಒಡೆಯುತ್ತವೆ. ಆಗ ಹೊಗೆ ಡಬ್ಬಿಗೇ ಮರಳಿ ಉರಿಯ ಉಸಿರು ಕಟ್ಟುತ್ತದೆ, ಇಲ್ಲವೇ ಗಾಡಿಯೊಳಕ್ಕೆ ನುಸುಳುತ್ತದೆ.

ಕ್ರೇಟರ್ ಲೇಕಿನ ಕುಳಿಯ ಮೇಲಂಚು ಸುಮಾರು 2,160 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಹೆಚ್ಚು. ಗಾಳಿ ತೆಳು. ಫ್ರಿಜ್ಜಿನ ತಳದ ಗಾಜಿನ ಕಿಂಡಿಯಲ್ಲಿ ಬೋರಲು ಮಲಗಿ ನೋಡಿದರೆ, ನೀಲಿ ಇರಬೇಕಾದ ಉರಿ ಹಳದಿ. ಹಳದಿ ಎಂದರೆ ಅರೆಬರೆ ಉರಿ, ಮಸಿ. ಕೂಡಲೇ ಸಿಲಿಂಡರ್ ಬಂದ್ ಮಾಡಿದೆವು. ಮೊಸರಿಗೆ ಐಸ್ ಕೊಂಡು ತಂದದ್ದಾಯಿತು.

ಇಲ್ಲಿ ಗೆಳೆಯರ ಗ್ಯಾರೇಜಿನಲ್ಲಿ ಫ್ರಿಜ್ ಹೊರಗೆಳೆದಿದ್ದೇವೆ. ಹೊಗೆ ಕೊಳವೆಯೊಳಗೆ ತಂತಿಯಲ್ಲಿ ತೂಗಿಬಿಟ್ಟ ತಿರುಚಿದ ತಗಡೊಂದಿದೆ; ಅದನ್ನು ಎತ್ತಿ ಬ್ರಷ್ ಆಡಿಸಿದರೆ ಮಸಿ, ತುಕ್ಕು ಉದುರುತ್ತದೆ. ಬರ್ನರಿನ ಜೆಟ್ಟಿಗೆ ಸೂಜಿ ಚುಚ್ಚಬಾರದು, ತೂತು ದೊಡ್ಡದಾಗಿ ಉರಿಯ ಲೆಕ್ಕವೇ ಕೆಡುತ್ತದೆ, ಸ್ಪಿರಿಟಿನಲ್ಲಿ ನೆನೆಹಾಕಬೇಕು. ಹಳೆಯ ಸೀಲು ಕೆರೆದು, ಕಾವು ತಾಳುವ ನಾರಿನ ಗ್ಯಾಸ್ಕೆಟ್ ಕೂರಿಸಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಸಿಲಿಕೋನ್ ಬಳಿದು ಮುಗಿಸುವವರೂ ಇದ್ದಾರೆ, ಅದು ಈ ಕಾವಿಗೆ ನಿಲ್ಲುವುದಿಲ್ಲ. ಕೊನೆಗೆ ಗ್ಯಾಸ್ ಬಂದ್ ಇಟ್ಟೇ ಕೊಳವೆಗೆ ಗಾಳಿ ಊದಿ, ಸಂದುಗಳ ಬಳಿ ಊದುಬತ್ತಿ ಹಿಡಿದೆವು. ಎಲ್ಲಿ ಹೊಗೆ ಓಲಾಡಿತೋ ಅಲ್ಲಿ ಸೋರಿಕೆ.

ಇಷ್ಟೆಲ್ಲ ಏಕೆಂದರೆ, ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಅದಕ್ಕೆಂದೇ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಆದರೆ ಅರೆಬರೆ ಉರಿಯಲ್ಲಿ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನೆತ್ತರಿನ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಗಾಡಿಯಲ್ಲಿ ಅದಕ್ಕೊಂದು ಅಲಾರಂ ಇದೆ, ಅದಿಲ್ಲದೆ ನಾನು ಮಲಗುವುದಿಲ್ಲ.

ಈಗ ನಿನ್ನ ಸುದ್ದಿ. ಹೊಸ ಬಚ್ಚಲಿನೊಳಗೆ ಗ್ಯಾಸ್ ಗೀಜರ್ ಹಾಕಿಸಿದ್ದೇನೆ, ಕಿಟಕಿ ಚಿಕ್ಕದು ಎಂದು ನೀನು ಬರೆದಿದ್ದೆ. ಅಲ್ಲಿಯೂ ಇದೇ ಉರಿ, ಇದೇ ಹೊಗೆ, ಆದರೆ ಸೀಲೂ ಇಲ್ಲ, ಕೊಳವೆಯೂ ಇಲ್ಲ. ಬಾಗಿಲು ಹಾಕಿಕೊಂಡು ಜಳಕಕ್ಕೆ ಹೋದವರು ಗೀಜರಿನ ಹೊಗೆಗೆ ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ನೀನೂ ಓದಿದ್ದೀ. ಶಿಗ್ಗಾಂವಿಯಿಂದ ಯಾರನ್ನಾದರೂ ಕರೆಸಿ ಅದನ್ನು ಹೊರಗೋಡೆಗೆ ಸಾಗಿಸು, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಅವ್ವನಿಗೆ ಹಂಡೆಯ ನೀರೇ ಕಾಯಿಸಿಕೊಡು.

ನಿನ್ನ ಅಣ್ಣ