ತಲೆಕಟ್ಟಿಲ್ಲದ ಗ

ಮಗಳ ಶಾಲಾ ಪ್ರಾಜೆಕ್ಟಿಗೆ ಸಿಕ್ಕ ದೇಶ ಮ್ಯಾನ್ಮಾರ್. ಭಾನುವಾರವಿಡೀ ಮಿಯಾಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಇರಾವದಿ ನದಿ ಹರಿಯಿತು. ಉತ್ತರದ ಬೆಟ್ಟಗಳಿಂದ ಇಳಿದು ಅಂಡಮಾನ್ ಸಮುದ್ರ ಸೇರುವ ಈ ನದಿಯ ಆಸುಪಾಸಿನಲ್ಲೇ ಪ್ಯೂ ಜನರ ಶ್ರೀಕ್ಷೇತ್ರ, ಆಮೇಲಿನ ಬಗಾನ್, ಮಂಡಾಲೆ ಎಲ್ಲ ಇರುವುದು. ಮಂಡಾಲೆ ಎಂದರೆ ನನಗೆ ತಿಲಕರ ಜೈಲಷ್ಟೇ ಗೊತ್ತಿತ್ತು ಬಿಡಿ.

ಬಗಾನ್ ಎಂಬ ಹೆಸರಿನ ಬರ್ಮೀಸ್ ಬರಹ ತೋರಿಸಿ, "ಅಪ್ಪಾ, ಇದರಲ್ಲಿ ತೆಲುಗು ಗ ಇದೆ!" ಅಂದಳು. ನೋಡಿದೆ. ತಲೆಕಟ್ಟು ಇಲ್ಲ ಅಷ್ಟೆ, ಉಳಿದಂತೆ ನಮ್ಮ ಗ. ಓದುವುದೂ ಗ ಎಂದೇ. ಅವರು ಬರೆಯುವುದು 'ಪುಗಂ', ಹೇಳುವುದು ಬಗಾನ್.

"ಅದು ಕನ್ನಡದ ಗ ಕೂಡ" ಎಂದೆ. ಅವಳು ನಂಬಲಿಲ್ಲ. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಶಾಲೆಯಲ್ಲಿ ತೆಲುಗು ಇದೆ. ಕನ್ನಡ ಕಲಿಸುವುದನ್ನು ನಾನು ಪ್ರತಿವರ್ಷ ಮುಂದಿನ ಬೇಸಿಗೆ ರಜೆಗೆ ತಳ್ಳುತ್ತ ಬಂದಿದ್ದೇನೆ.

ರಾತ್ರಿ ಕೂತು ಹುಡುಕಿದೆ. 1926-27ರಲ್ಲಿ ಶ್ರೀಕ್ಷೇತ್ರದ ದಿಬ್ಬವೊಂದರಲ್ಲಿ 20 ಚಿನ್ನದ ಹಾಳೆಗಳ ಪಾಲಿ ಗ್ರಂಥ ಸಿಕ್ಕಿತಂತೆ. ಅದರ ಲಿಪಿ ಐದನೇ ಶತಮಾನದ ಬನವಾಸಿಯ ಕದಂಬರ ಮತ್ತು ಆಂಧ್ರದ ಶಾಸನಗಳ ಅಕ್ಷರಗಳಿಗೆ ಹತ್ತಿರ ಎನ್ನುತ್ತಾರೆ ವಿದ್ವಾಂಸರು. ಆಗಿನ್ನೂ ಕನ್ನಡ ಲಿಪಿ, ತೆಲುಗು ಲಿಪಿ ಬೇರೆಬೇರೆ ಆಗಿರಲಿಲ್ಲ. ಅಂದರೆ ಅವಳೂ ಸರಿ, ನಾನೂ ಸರಿ.

ಬೆಳಿಗ್ಗೆ ಪ್ರಾಜೆಕ್ಟ್ ಹಾಳೆಯ ಅಂಚಿನಲ್ಲಿ ಕನ್ನಡದಲ್ಲಿ 'ಪುಗಂ' ಎಂದು ಬರೆದೆ. ಮೊದಲ ಅಕ್ಷರದಲ್ಲಿ ತುಸು ತಡವರಿಸಿದಳು, ತೆಲುಗಿನ ಬಲದಿಂದ ಓದಿಯೇಬಿಟ್ಟಳು. ಸ್ಕೂಲ್ ಬಸ್ ಬರಲು ಐದು ನಿಮಿಷವಿತ್ತು. ಕೆಳಗೆ ತನ್ನ ಹೆಸರನ್ನೂ ಬರೆಯಲು ಹೇಳಿದಳು.