ಉಗುರಗಲದ ಸೀಮೆ

ಯಂತ್ರವೊಂದು ಹಳತಾದ ಮಾತ್ರಕ್ಕೆ ಅದರ ಆಯುಷ್ಯ ತೀರಿತೆಂದು ಭಾವಿಸುವ ಲೋಕರೂಢಿಯನ್ನು ಒಪ್ಪಿದವನು ನಾನಲ್ಲವಾದುದರಿಂದ, 2006ರಲ್ಲಿ ಮಾರುಕಟ್ಟೆಗೆ ಬಂದ ಗಾರ್ಮಿನ್ 60ಸಿಎಸ್‌ಎಕ್ಸ್ ಎಂಬ ಜಿಪಿಎಸ್ ಇಂದಿಗೂ ನನ್ನ ಸಂಚಾರಗಳ ಸಂಗಾತಿಯಾಗಿದೆ. ಅದರ ಅಗ್ರಜನಾದ 60ಸಿಎಸ್‌ಗೆ ಹುಟ್ಟಿನೊಡನೆ ಬಂದ 56 ಎಂಬಿ ಸ್ಮೃತಿಕೋಶವಲ್ಲದೆ ಬೇರೆ ಆಸ್ತಿಯಿರಲಿಲ್ಲ. ಇದಕ್ಕಾದರೋ ನಿರ್ಮಾತೃಗಳು ಬ್ಯಾಟರಿಗಳ ಕೆಳಗೆ ಮೈಕ್ರೊಎಸ್‌ಡಿ ಕಾರ್ಡಿಗೊಂದು ಗೂಡನ್ನು ಕರುಣಿಸಿ, 64 ಎಂಬಿಯ ಕಾರ್ಡನ್ನೂ ಅದರಲ್ಲಿರಿಸಿದ್ದರು.

ಆದರೆ ಗುಂಡ್ಲುಪೇಟೆಯವನಿಗೆ ಅಷ್ಟು ಸಾಲದು. ಊರಿನಿಂದ ಕವಲೊಡೆಯುವ ದಾರಿಗಳಲ್ಲಿ ಒಂದು ಮೂಲೆಹೊಳೆಯನ್ನು ದಾಟಿ ಸುಲ್ತಾನ್ ಬತ್ತೇರಿಗೂ, ಇನ್ನೊಂದು ಬಂಡೀಪುರದ ಮಾರ್ಗವಾಗಿ ಕೆಕ್ಕನಹಳ್ಳದಾಚೆಯ ನೀಲಗಿರಿಗೂ, ಚಾಮರಾಜನಗರದಿಂದ ಹೊರಟದ್ದು ಪುಣಜನೂರನ್ನು ಕಳೆದು ಹಾಸನೂರಿಗೂ ಹೋಗುವುದರಿಂದ, ಗಡಿಗೆ ಬಂದೊಡನೆ ಬಿಳಿಯ ಶೂನ್ಯವಾಗುವ ಒಂದೇ ರಾಜ್ಯದ ನಕ್ಷೆ ಇಲ್ಲಿ ನಿಷ್ಪ್ರಯೋಜಕ. ಮೂರು ರಾಜ್ಯಗಳ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನೂ, 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯು ರೇಡಾರಿನಿಂದ ಅಳೆದ ಎತ್ತರಗಳಿಂದ ಹುಟ್ಟಿದ ಸಮೋನ್ನತ ರೇಖೆಗಳನ್ನೂ ಕೂಡಿಸಬೇಕೆಂದರೆ 2 ಜಿಬಿಯ ಕಾರ್ಡು ಬೇಕು. ಅದನ್ನು ಫ್ಯಾಟ್32 ವಿನ್ಯಾಸಕ್ಕೆ ಅಣಿಗೊಳಿಸಿ, ಎಂಕೆಜಿಮ್ಯಾಪ್ ಎಂಬ ತಂತ್ರಾಂಶದಿಂದ ನಕ್ಷೆಯನ್ನು ಒಂದೇ ಕಡತವಾಗಿ ಹೆಣೆದು, ‘ಗಾರ್ಮಿನ್’ ಎಂಬ ಕೋಶದೊಳಗೆ ಜಿಮ್ಯಾಪ್‌ಸಪ್ ಎಂಬ ಹೆಸರಿನಿಂದಲೇ ಇರಿಸತಕ್ಕದ್ದು; ಅನ್ಯ ನಾಮಧೇಯಗಳನ್ನು ಈ ಮುದಿಯಂತ್ರ ಗುರುತಿಸದು. ನಕ್ಷೆಯ ತುಂಡುಗಳು 2025ನ್ನು ಮೀರಬಾರದೆಂಬ ನಿಬಂಧನೆಯೂ ಉಂಟು. ಖಂಡಗಳನ್ನೇ ಹೊತ್ತು ತಿರುಗುವವರ ಚಿಂತೆ ಅದು, ನಮ್ಮ ಸೀಮೆಗೆ ತಟ್ಟದು.

ನನ್ನ ನಿಜವಾದ ಸುಖವಿರುವುದು ಈ ಹೆಣಿಗೆಯನ್ನು ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳ ಪಕ್ಕದಲ್ಲಿಟ್ಟು ನೋಡುವುದರಲ್ಲಿ. ಗುಂಡ್ಲುಪೇಟೆ 58ಎ/9ರಲ್ಲಿದ್ದರೆ, ಅಲ್ಲಿಂದ ಕಣ್ಣಿಗೆ ಕಾಣುವ ಹಿಮವದ್ ಗೋಪಾಲಸ್ವಾಮಿ ಬೆಟ್ಟ 58ಎ/10ರ ಪಾಲು. ಚಾಮರಾಜನಗರ 58ಎ/13ರಲ್ಲಿ, ನೆರೆಯ ಯಳಂದೂರು 57ಎಚ್/4ರಲ್ಲಿ. 12 ಡಿಗ್ರಿ ಅಕ್ಷಾಂಶವೂ 77 ಡಿಗ್ರಿ ರೇಖಾಂಶವೂ ಚಾಮರಾಜನಗರದ ಈಶಾನ್ಯದಲ್ಲಿ ಸಂಧಿಸುವ ಕಾರಣ, ಈ ಕೊನೆಯ ಎರಡು ಹಾಳೆಗಳು ಮೂಲೆಗೆ ಮೂಲೆ ತಾಗುವುವೇ ಹೊರತು ಅಂಚಿಗೆ ಅಂಚು ಸೇರವು. ಬೀಗರ ಮನೆಗಳಷ್ಟು ಹತ್ತಿರದ ಊರುಗಳ ನಡುವಣ ದಾರಿಗೆ ಕಾಗದದ ಮೇಲೆ ಮೂರನೆಯ ಹಾಳೆಯ ಮಧ್ಯಸ್ಥಿಕೆ ಬೇಕಾಗುತ್ತದೆ. ಯಂತ್ರದ ಪರದೆಯ ಮೇಲಾದರೋ ಸಂತೇಮರಹಳ್ಳಿಯ ರಸ್ತೆ ಅಖಂಡವಾಗಿ ಹರಿಯುತ್ತದೆ.

ಇಷ್ಟಾದರೂ ಜಾಗವನ್ನು ವಿಸ್ತರಿಸಿದಂತೆ ಯಂತ್ರದ ಚೈತನ್ಯವನ್ನು ವಿಸ್ತರಿಸಲಾಗದು. 160ಕ್ಕೆ 240 ಬಿಂದುಗಳ ಆ ಪರದೆಯಲ್ಲಿ, ಹತ್ತು ಮೀಟರಿಗೊಂದರಂತೆ ಎಳೆದ ಗೆರೆಗಳು 1454 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟವನ್ನು ಕಂದುಬಣ್ಣದ ಮುದ್ದೆಯಾಗಿಸಿ, ಹೆಜ್ಜೆಹೆಜ್ಜೆಗೂ ಚಿತ್ರಣವನ್ನು ತಡೆಯುತ್ತವೆ. ತೆರಕಣಾಂಬಿಯ ಕಡೆಯ ಬಯಲಿನಲ್ಲೋ, ಅದೇ ಗೆರೆಗಳಿಲ್ಲದಿದ್ದರೆ ಕೆರೆಯ ಅಂಗಳ ಯಾವುದು, ಏರಿಯ ಬೆನ್ನು ಯಾವುದೆಂಬ ವಿವೇಚನೆಯೇ ಉಳಿಯದು. ಆದಕಾರಣ ಬಯಲಿಗೆ ಹತ್ತು, ಬೆಟ್ಟಕ್ಕೆ ಇಪ್ಪತ್ತು ಮೀಟರೆಂದು ಬೇರೆಬೇರೆ ತುಂಡುಗಳನ್ನು ಹೆಣೆಯುವುದೇ ಮುಂದಿನ ಮಳೆಗಾಲದ ಸಂಜೆಗಳಿಗೆ ನಾನು ಮೀಸಲಿಟ್ಟಿರುವ ಕಾರ್ಯ.